ಬೀಜಕ್ಕೆ ಎತ್ತಿಟ್ಟಂತೆ ಶಾಲೆಗೂ ಎತ್ತಿಡೋಣ

ನಮ್ಮ ಶಿರಾ ಕಡೆ ಮೇ ತಿಂಗಳ ಕೊನೇ ವಾರ ಬಂತೆಂದರೆ ಮನೆಯಲ್ಲಿ ಎರಡು ಗಡಿಬಿಡಿ ಒಟ್ಟಿಗೇ ಶುರುವಾಗುತ್ತೆ. ಮೇ 25ರ ಹೊತ್ತಿಗೆ ರೋಹಿಣಿ ಮಳೆ ಹುಟ್ಟುತ್ತೆ. ಶಾಲೆ 2025ರಲ್ಲಿ ಮೇ 29ಕ್ಕೇ ಬಾಗಿಲು ತೆರೆಯಿತು. ಒಂದು ಕಡೆ ರೈತ ಸಂಪರ್ಕ ಕೇಂದ್ರದ ಮುಂದೆ ಬೀಜದ ಕ್ಯೂ, ಇನ್ನೊಂದು ಕಡೆ ಶಾಲೆಗೆ ಮಾವಿನ ಎಲೆ ತೋರಣ. ಮಕ್ಕಳಿಗೆ ಅಲ್ಲಿ ಪಾಯಸ, ನಮಗೆ ಇಲ್ಲಿ ಅಂಗಡಿಯವನ ಕೈಕಾಲು ಹಿಡಿಯೋದು. ನೀರಾವರಿ ಇದ್ದವರಿಗೆ, ಸಂಬಳದವರಿಗೆ ಇದರ ಕಷ್ಟ ಅಷ್ಟಾಗಿ ಗೊತ್ತಾಗಲಿಕ್ಕಿಲ್ಲ. ಮಳೆ ನಂಬಿ ಕಡ್ಲೆಕಾಯಿ ಹಾಕೋ ನಮ್ಮಂಥವರಿಗೆ ಇಡೀ ವರ್ಷದಲ್ಲಿ ಜೇಬು ತೀರಾ ಬರಿದಾಗಿರೋದು ಇದೇ ಹದಿನೈದು ದಿನ.

ಈ ಹದಿನೈದು ದಿನದಲ್ಲಿ ನಮ್ಮ ಮಕ್ಕಳ ಓದು ಎಷ್ಟೋ ಸಲ ಅಲ್ಲಿಗೇ ನಿಂತುಹೋಗುತ್ತೆ. ನಂದೂ ನಿಂತದ್ದು ಹಾಗೇ.

1982ರಲ್ಲಿ ನಾನು ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಪಾಸಾದೆ. ಹೈಸ್ಕೂಲು ಆರು ಕಿಲೋಮೀಟರ್ ದೂರ. ಮೇಷ್ಟ್ರು ಮನೆಗೇ ಬಂದು ಟಿ.ಸಿ. ಕೊಟ್ಟು ಹೋಗಿದ್ದರು. ಅಪ್ಪ "ಬಿತ್ತನೆ ಒಂದು ಮುಗೀಲಿ ಮಗ, ಆಮೇಲೆ ಸೇರಿಸ್ತೀನಿ" ಅಂದ. ಅಪ್ಪ ಕೆಟ್ಟವನಲ್ಲ, ಸುಳ್ಳೂ ಹೇಳಲಿಲ್ಲ. ಬಿತ್ತನೆ ಮುಗಿಯಿತು. ಆಮೇಲೆ ಕಳೆ ಬಂತು, ಕುಂಟೆ ಹೊಡೆಯೋದು ಬಂತು, ಅಷ್ಟರಲ್ಲಿ ಒಂದು ಎತ್ತಿಗೆ ಕಾಲು ನೋವು. ದಸರಾ ಹೊತ್ತಿಗೆ ಕಾಯಿ ಕೀಳೋಕೆ ಆಳು ಸಾಲಲಿಲ್ಲ. ಆ ಟಿ.ಸಿ. ಇವತ್ತಿಗೂ ನಮ್ಮ ಟ್ರಂಕಿನಲ್ಲಿದೆ. ಮಡಿಕೆಯ ಜಾಗದಲ್ಲಿ ಹರಿದಿದೆ, ಅಷ್ಟೆ.

ಇಷ್ಟೇ ಆಗಿದ್ದರೆ ಪತ್ರಿಕೆಗೆ ಬರೆಯೋ ವಿಷಯ ಆಗ್ತಿರಲಿಲ್ಲ. ಅಪ್ಪ ಮಾಡಿದ್ದನ್ನೇ ನಾನೂ ಮಾಡಿದೆ, ಅದನ್ನು ಹೇಳಬೇಕು.

2004. ಅದಕ್ಕೆ ಮೊದಲು ಮೂರು ವರ್ಷ ಸತತ ಬರ. ಮನೆಯಲ್ಲಿ ಬೀಜದ ಕಾಯಿ ಒಂದು ಹಿಡಿ ಉಳಿದಿರಲಿಲ್ಲ. ದೊಡ್ಡ ಮಗಳು ಏಳನೇ ಕ್ಲಾಸು ಮುಗಿಸಿದ್ದಳು. ಸಾಲ ಮಾಡಿ ಬೀಜ ತಂದೆ. ಸುಲಿಯೋಕೆ ಆಳಿಟ್ಟರೆ ಕೂಲಿ ಎಲ್ಲಿಂದ ತರೋದು? "ಇನ್ನೊಂದು ಎರಡು ವಾರ ಇರವ್ವ, ಹದ ಮಳೆ ಬಿದ್ದು ಬಿತ್ತಿದ ಕೂಡ್ಲೇ ಕರ್ಕೊಂಡು ಹೋಗ್ತೀನಿ" ಅಂದೆ. ಮಾತೂ ಅದೇ, ಧಾಟಿಯೂ ಅದೇ. ಆ ಹೊತ್ತಿನಲ್ಲಿ ಅದು ನನಗೆ ಹೊಳೆಯಲೇ ಇಲ್ಲ. ಮಳೆ ತಡವಾಯಿತು, ಎರಡು ವಾರ ಅಂದದ್ದು ಐದು ವಾರ ಆಯಿತು. ಜುಲೈನಲ್ಲಿ ಕರೆದುಕೊಂಡು ಹೋದರೆ ಹಾಸ್ಟೆಲ್ಲಿನ ಜಾಗ ತುಂಬಿಹೋಗಿತ್ತು. ದಿನಾ ಆರು ಮತ್ತು ಆರು, ಹನ್ನೆರಡು ಕಿಲೋಮೀಟರ್ ನಡೆದಳು. ಹೋದ ಕೂಡಲೇ ಲೆಕ್ಕದಲ್ಲಿ ಹಿಂದೆ ಬಿದ್ದಳು, ಮತ್ತೆ ಹಿಡಿಯಲಾಗಲಿಲ್ಲ. ಒಂಬತ್ತನೇ ಕ್ಲಾಸಿನ ಮಧ್ಯದಲ್ಲಿ "ಇನ್ನು ಹೋಗಲ್ಲ ಅಪ್ಪ" ಅಂದಳು. ನಾನೂ ಹೆಚ್ಚು ಕೇಳಲಿಲ್ಲ. ಎಂಟನೇ ಕ್ಲಾಸಿನವರಿಗೆ ಸರ್ಕಾರದ ಸೈಕಲ್ ಶುರುವಾದದ್ದು 2006-07ರಲ್ಲಿ. ನಮ್ಮ ಹುಡುಗಿಗೆ ಅದು ಸಿಗಲಿಲ್ಲ. (ಅದೂ ಈಗ ಕೆಲವು ವರ್ಷದಿಂದ ನಿಂತಿದೆ, ಬಿಡಿ.)

ಅವಳ ತಮ್ಮನಿಗೆ ಮಾತ್ರ ಹೇಗೋ ಹೊಂದಿಸಿದ್ವಿ. ಹತ್ತನೇದು ಮುಗಿಸಿ ಐ.ಟಿ.ಐ. ಮಾಡಿದ. ಅವನಿಗೆ ಹೊಂದಿತು, ಇವಳಿಗೆ ಯಾಕೆ ಹೊಂದಲಿಲ್ಲ ಅಂತ ಮಗಳು ಒಂದೇ ಒಂದು ಸಲ ಕೇಳಿದ್ದಾಳೆ. ನಾನು ಎದ್ದು ಹೊಲಕ್ಕೆ ಹೋದೆ.

ಸುಲಿಯೋ ಕೆಲಸದ ಲೆಕ್ಕ

ಮಕ್ಕಳನ್ನು ಯಾಕೆ ಉಳಿಸಿಕೊಳ್ತೀರಿ ಅಂತ ಮೇಷ್ಟ್ರುಗಳು ಬೈಯುತ್ತಾರೆ. ಬೈಯಲಿ, ಆದರೆ ಲೆಕ್ಕವನ್ನೂ ನೋಡಲಿ. ನಮ್ಮದು ನಾಲ್ಕು ಎಕರೆ ಕಡ್ಲೆಕಾಯಿ. ಎಕರೆಗೆ ನಲವತ್ತು ಕೆಜಿ ಬೀಜ ಅಂದರೂ ನೂರಾ ಅರವತ್ತು ಕೆಜಿ ಬೇಕು. ಒಬ್ಬ ಮನುಷ್ಯ ಬೆಳಗಿಂದ ಸಂಜೆ ತನಕ ಕೂತು ಸುಲಿದರೆ ಹತ್ತು ಕೆಜಿ ಬೀಜ ಆದರೆ ದೊಡ್ಡದು. ಅಲ್ಲಿಗೆ ಹದಿನಾರು ಆಳಿನ ಕೆಲಸ. ಎರಡನೇ ದಿನಕ್ಕೆ ಹೆಬ್ಬೆರಳ ತುದಿ ಉರಿಯುತ್ತೆ, ಮೂರನೇ ದಿನಕ್ಕೆ ಬಟ್ಟೆ ಸುತ್ತಿಕೊಂಡು ಸುಲಿಯಬೇಕು. ಆ ಬೆರಳಲ್ಲಿ ಪೆನ್ಸಿಲ್ ಹಿಡಿಯೋಕೆ ಆಗೋದಿಲ್ಲ. ಮೊದಲನೇ ವಾರ ಶಾಲೆಗೆ ಹೋದ ಹುಡುಗರೂ ಸ್ಲೇಟು ಮುಂದಿಟ್ಟುಕೊಂಡು ಬೆರಳು ಊದಿಕೊಳ್ತಾ ಕೂತಿರೋದನ್ನ ನಾನು ಕಣ್ಣಾರೆ ಕಂಡಿದ್ದೇನೆ.

ಮುಂಚೆಯೇ, ಯುಗಾದಿ ಕಳೆದ ಮೇಲೆ ಪುರುಸೊತ್ತಿನಲ್ಲಿ ಸುಲಿದಿಡಿ ಅಂತ ಪೇಟೆಯವರು ಸುಲಭವಾಗಿ ಹೇಳ್ತಾರೆ. ಬೆಳೆದವರಿಗೆ ಗೊತ್ತು, ಕಡ್ಲೇಬೀಜ ಸಿಪ್ಪೆಯೊಳಗಿದ್ದರೇ ಜೀವ ಹಿಡಿದಿರೋದು. ತಿಂಗಳುಗಟ್ಟಲೆ ಮೊದಲು ಸುಲಿದಿಟ್ಟರೆ ಮೊಳಕೆ ಕಮ್ಮಿಯಾಗುತ್ತೆ, ಹುಳ ಬೀಳುತ್ತೆ. ಗಿರಣಿಗೆ ಹಾಕಿಸಿದರೆ ಬೀಜ ಒಡೆಯುತ್ತೆ, ಇಲ್ಲಾ ಮೇಲಿನ ಕೆಂಪು ಪೊರೆ ಕಿತ್ತು ಬರುತ್ತೆ, ಹೊಲದಲ್ಲಿ ಸಾಲು ಬಾಚಿಹೋಗುತ್ತೆ. ಹಾಗಾಗಿ ಬಿತ್ತನೆಗೆ ಹತ್ತು ಹದಿನೈದು ದಿನ ಇರುವಾಗಲೇ, ಕೈಯಲ್ಲೇ ಸುಲಿಯಬೇಕು. ಅಂದರೆ ಸರಿಯಾಗಿ ಶಾಲೆ ತೆರೆಯೋ ಹೊತ್ತಿಗೆ.

ಕೆಲವರು ಶಾಲೆಯನ್ನೇ ಜುಲೈಗೆ ತೆರೆಯಲಿ ಅಂತಾರೆ. ಊರಿನ ಸಭೆಯಲ್ಲಿ ನಾನೂ ಹಿಂದೆ ಹಾಗೆ ಮಾತಾಡಿದ್ದುಂಟು. ಈಗ ಒಪ್ಪುವುದಿಲ್ಲ. ಶಾಲೆಗಾದರೂ ತಾರೀಖು ಇದೆ, ಮಳೆಗೆ ಎಲ್ಲಿದೆ? 2023ರ ಜೂನ್ ಪೂರ್ತಿ ಆಕಾಶ ನೋಡಿಕೊಂಡು ಕೂತೆವು. ಆ ವರ್ಷ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಹದ ಮಳೆ ಬರಲಿ ಅಂತ ಮಕ್ಕಳನ್ನು ಮನೆಯಲ್ಲಿ ಕೂರಿಸಿದ್ದರೆ ಬಿತ್ತನೆಯೂ ಇಲ್ಲ, ಓದೂ ಇಲ್ಲ. ಕೆಲವು ಮನೆಗಳಲ್ಲಿ ಹಾಗೇ ಆಯಿತು.

ಇನ್ನೊಂದು ವಿಷಯ ನನಗೆ ಗೊತ್ತಾದದ್ದು ತಡವಾಗಿ, ಶಾಲೆಯ ಮೇಲುಸ್ತುವಾರಿ ಸಮಿತಿಗೆ ಸೇರಿದ ಮೇಲೆ. ಜೂನ್ ಮೊದಲ ವಾರಗಳಲ್ಲಿ ಶಾಲೆಯಲ್ಲಿ 'ಸೇತುಬಂಧ' ಅಂತ ನಡೆಸುತ್ತಾರೆ. ಹೋದ ವರ್ಷ ಕಲಿತದ್ದರಲ್ಲಿ ಯಾವ ಮಗುವಿಗೆ ಏನು ಮರೆತಿದೆ, ಏನು ಬಂದೇ ಇಲ್ಲ ಅಂತ ನೋಡಿ, ಅದನ್ನು ಮತ್ತೆ ಹೇಳಿಕೊಟ್ಟು, ಆಮೇಲೆ ಹೊಸ ಪಾಠ ಹಿಡಿಯೋದು. ಜೂನ್ ತಿಂಗಳಲ್ಲಿ ಏನು ಮಹಾ ಪಾಠ ನಡೆಯುತ್ತೆ, ಪುಸ್ತಕವೇ ಬಂದಿರಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಹಿಂದೆ ಬಿದ್ದ ಮಕ್ಕಳನ್ನು ಎತ್ತೋಕೆ ಅಂತಲೇ ಇಟ್ಟಿರೋ ದಿನಗಳು ಅವು. ಹಿಂದೆ ಬಿದ್ದ ಮಕ್ಕಳೇ ಆ ದಿನ ಹೊಲದಲ್ಲಿ ನೇಗಿಲ ಹಿಂದೆ ಸಾಲಿಗೆ ಕಾಳು ಬಿಡ್ತಾ ಇರ್ತಾರೆ. ನನ್ನ ಮಗಳು ಲೆಕ್ಕದಲ್ಲಿ ಯಾಕೆ ಹಿಂದೆ ಬಿದ್ದಳು ಅನ್ನೋದು ನನಗೆ ತಿಳಿದದ್ದು ಆವತ್ತು.

ಮಗಳ ಮನೆಯಲ್ಲಿ ಕಂಡದ್ದು

ಈಗ ಆ ಮಗಳಿಗೆ ಇಬ್ಬರು ಮಕ್ಕಳು. ಕೊಟ್ಟ ಮನೆಯಲ್ಲೂ ನಮ್ಮಂತೆಯೇ ನಾಲ್ಕು ಎಕರೆ ಕೆಂಪು ಮಣ್ಣು, ಬೋರು ಇಲ್ಲ. ಆದರೆ ಅವಳ ಮಕ್ಕಳು ಒಂದು ವರ್ಷವೂ ಶಾಲೆ ತೆರೆದ ದಿನ ತಪ್ಪಿಸಿಲ್ಲ. ಹೇಗೆ ಮಾಡ್ತೀಯವ್ವ ಅಂತ ಕೇಳಿದೆ. "ನೀವು ಬೀಜ ಗೊಬ್ಬರ ಆಗಿ ಉಳಿದಿದ್ರೆ ಶಾಲೆಗೆ ಅಂತಿದ್ರಿ. ಉಳೀತಿರಲಿಲ್ಲ. ನಾನು ಮೊದಲೇ ಎತ್ತಿಡ್ತೀನಿ" ಅಂದಳು.

ಅವಳು ಎತ್ತಿಡೋದು ಅಕ್ಕಡಿ ಸಾಲಿನ ದುಡ್ಡು. ಕಡ್ಲೆಕಾಯಿ ನಡುವೆ ತೊಗರಿ, ಹರಳು, ಅಲಸಂದೆ ಹಾಕೋದು ನಮ್ಮ ಕಡೆ ಎಲ್ಲರೂ ಮಾಡ್ತಾರೆ. ಕಡ್ಲೆಕಾಯಿ ದುಡ್ಡು ಗಂಡಸರ ಕೈಗೆ ಬಂದು ಸಾಲಕ್ಕೇ ಹೋಗುತ್ತೆ. ಅಕ್ಕಡಿ ಕಾಳು ಸಂಕ್ರಾಂತಿ ಆದಮೇಲೆ ಬರುತ್ತೆ, ಹೆಂಗಸರ ಕೈಯಲ್ಲಿರುತ್ತೆ. ತೊಗರಿಯಲ್ಲಿ ಮನೆ ಖರ್ಚಿಗೆ ಇಟ್ಟುಕೊಂಡು ಐವತ್ತು ಕೆಜಿ ಮಾರಿ, ಆ ದುಡ್ಡನ್ನು ಸ್ತ್ರೀಶಕ್ತಿ ಸಂಘದಲ್ಲಿ ತನ್ನ ಉಳಿತಾಯಕ್ಕೆ ಸೇರಿಸ್ತಾಳೆ. ಮನೇಲಿಟ್ಟರೆ ಯಾರಾದರೂ ಕೈ ಹಾಕ್ತಾರೆ ಅಂತ. ಬದುವಿನಲ್ಲಿ ಒಂದು ಹುಣಸೆ ಮರ ಇದೆ. ಅದರ ಹಣ್ಣು ಬಡಿದು, ಕುಟ್ಟಿ, ಬೀಜ ತೆಗೆದು ತುಮಕೂರು ಮಾರುಕಟ್ಟೆಗೆ ಹೋಗೋರ ಜೊತೆ ಕಳಿಸಿದರೆ ಮಾರ್ಚ್ ಏಪ್ರಿಲ್‌ನಲ್ಲಿ ಇನ್ನಷ್ಟು ಬರುತ್ತೆ. ಆ ಮರಕ್ಕೆ ಮಕ್ಕಳು ಇಸ್ಕೂಲು ಮರ ಅಂತ ಹೆಸರಿಟ್ಟಿವೆ. ಬೇಸಿಗೆ ರಜದಲ್ಲಿ ಹೊಂಗೆ ಬೀಜ ಆಯ್ದು ಮಾರಿದ್ದು ಮಕ್ಕಳದ್ದೇ, ಪೆನ್ನು ರಬ್ಬರಿಗೆ.

2025ರ ಖರ್ಚನ್ನು ಅವಳು ಹಳೇ ನೋಟ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದಳು. ಇಬ್ಬರಿಗೂ ನೋಟ್ ಬುಕ್ಕು, ಜಾಮಿಟ್ರಿ ಬಾಕ್ಸು ಸೇರಿ 780 ರೂಪಾಯಿ. ದೊಡ್ಡವಳಿಗೆ ಬ್ಯಾಗು 450, ಚಿಕ್ಕವನಿಗೆ ಅಕ್ಕನ ಹಳೇ ಬ್ಯಾಗಿಗೆ ಜಿಪ್ಪು ಹಾಕಿಸಿದ್ದು. ಸಮವಸ್ತ್ರದ ಬಟ್ಟೆ ಶಾಲೆಯಲ್ಲಿ ಕೊಟ್ಟಿದ್ದರು, ಹೊಲಿಗೆ ಕೂಲಿ 700. ಚಪ್ಪಲಿ, ಕೊಡೆ 550. ಒಟ್ಟು 2,480. ನಮ್ಮ ಬಿತ್ತನೆ ಖರ್ಚು ಬೀಜ, ಗೊಬ್ಬರ, ಟ್ರ್ಯಾಕ್ಟರು ಸೇರಿ ಮೂವತ್ತು ಸಾವಿರದ ಹತ್ತಿರ. ಅದರ ಪಕ್ಕದಲ್ಲಿಟ್ಟರೆ ಇದು ಎಷ್ಟು? ಪುಸ್ತಕ ಸರ್ಕಾರದ್ದು, ಮಧ್ಯಾಹ್ನದ ಊಟ ಅಲ್ಲೇ, ಹಾಲು ಮೊಟ್ಟೆ ಅಲ್ಲೇ. ಎರಡೂವರೆ ಸಾವಿರಕ್ಕೆ ಮಕ್ಕಳ ಓದು ನಿಲ್ಲಬಾರದು. ನಿಲ್ಲೋದು ಯಾಕೆಂದರೆ ಆ ವಾರ ಐನೂರೂ ಇರೋದಿಲ್ಲ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಬೀಜದ ಸಾಲ ಮಾಡಿದವನು ಅದರ ಮೇಲೆ ಬ್ಯಾಗಿನ ಸಾಲವನ್ನೂ ಮಾಡಬೇಕಾಗುತ್ತೆ. ಬೀಜದ ಮೂಟೆಗೆ ಎಷ್ಟೇ ಹಸಿವಾದರೂ ನಾವು ಕೈ ಹಾಕುವುದಿಲ್ಲ. ಆ ಮೂಟೆ ಪಕ್ಕದಲ್ಲೇ ಶಾಲೆಯ ದುಡ್ಡನ್ನೂ ಇಡಬೇಕು ಅನ್ನೋದಷ್ಟೇ ನನ್ನ ವಾದ.

ಅಕ್ಕಪಕ್ಕದಲ್ಲಿ ಇದಕ್ಕೆ ಒಂದು ಮಾತು ಬರುತ್ತೆ: ಸರ್ಕಾರಿ ಶಾಲೆಗಾದರೆ ಎರಡೂವರೆ ಸಾವಿರ, ನಮ್ಮ ಹುಡುಗ ಇಂಗ್ಲಿಷ್ ಕಾನ್ವೆಂಟು. ಅವರವರ ಇಷ್ಟ. ಆದರೆ ವ್ಯಾನ್ ಫೀಸು ಕಟ್ಟೋಕೆ ಜೂನ್‌ನಲ್ಲಿ ಗಬ್ಬದ ಕುರಿ ಮಾರಿದವರನ್ನು ನೋಡಿದ್ದೇನೆ, ಮಾರನೇ ವರ್ಷ ಮಗುವನ್ನು ವಾಪಸ್ ಊರ ಶಾಲೆಗೆ ತಂದು ಸೇರಿಸಿದವರನ್ನೂ ನೋಡಿದ್ದೇನೆ. ಆ ಮಗುವಿಗೆ ಎರಡೂ ಕಡೆ ಹೊಂದಿಕೆ ಆಗಲಿಲ್ಲ. ಹತ್ತು ವರ್ಷ ಕಟ್ಟೋ ಶಕ್ತಿ ಇದೆಯೋ ಅಂತ ಲೆಕ್ಕ ಹಾಕಿ ಸೇರಿಸಬೇಕು, ಒಂದು ಒಳ್ಳೇ ಬೆಳೆ ಬಂದ ವರ್ಷದ ಹುರುಪಿನಲ್ಲಲ್ಲ.

ಕಾಗದ ಪತ್ರ

ದುಡ್ಡಿಗಿಂತ ಹೆಚ್ಚು ಸತಾಯಿಸೋದು ಕಾಗದ. ಮಗಳ ಮಗನಿಗೆ ಒಂದನೇ ಕ್ಲಾಸಿಗೆ ಸೇರಿಸುವಾಗ ಆಧಾರ್‌ನಲ್ಲಿ ಹೆಸರು ಒಂದು ತರ, ಜನನ ಪತ್ರದಲ್ಲಿ ಇನ್ನೊಂದು ತರ. ಒಂದು 'ಪ್ಪ' ಹೆಚ್ಚು ಕಮ್ಮಿ. ತಿದ್ದಿಸೋಕೆ ನಾನೇ ಮೂರು ಸಲ ಹೋದೆ. ಒಂದು ದಿನ ಸರ್ವರ್ ಇಲ್ಲ, ಒಂದು ದಿನ ಬರೆಯೋರು ಇಲ್ಲ. ಮೂರನೇ ದಿನ ಇದ್ದರು, ಆದರೆ ಆವತ್ತೇ ಊರಲ್ಲಿ ಹದ ಮಳೆ. ನೆರೆಯವರೆಲ್ಲ ಬಿತ್ತುತ್ತಾ ಇದ್ದರೆ ನಾನು ಬೆಂಚಿನ ಮೇಲೆ ಟೋಕನ್ ಹಿಡಿದು ಕೂತಿದ್ದೆ. ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪತ್ರ ಬೇಕೇ ಬೇಕು. ಆದಾಯ ಪತ್ರ ಒಮ್ಮೆ ಮಾಡಿಸಿದರೆ ಐದು ವರ್ಷ ನಡೆಯುತ್ತೆ. ನಾಡಕಚೇರಿಯಲ್ಲಿ ಜೂನ್‌ನಲ್ಲಿ ಕಾಲಿಡೋಕೆ ಜಾಗ ಇರಲ್ಲ, ಫೆಬ್ರವರಿಯಲ್ಲಿ ಅಷ್ಟು ಜನ ಇರಲ್ಲ. ಫೆಬ್ರವರಿಯಲ್ಲಿ ನಮಗೂ ಹೊಲದ ಕೆಲಸ ಇಲ್ಲ. ಆದರೂ ನಾವು ಜೂನ್‌ಗೇ ಹೋಗ್ತೀವಿ.

ಐದನೇ ಕ್ಲಾಸಿನಲ್ಲಿ ಮಕ್ಕಳಿರೋರು ಇದನ್ನು ಗಮನಿಸಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ ಆರನೇ ಕ್ಲಾಸಿಗೆ ಸೇರಿಸಿಕೊಳ್ಳೋದು ಪ್ರವೇಶ ಪರೀಕ್ಷೆ ಮೇಲೆ. ಆದರ್ಶ ವಿದ್ಯಾಲಯ, ನವೋದಯಕ್ಕೂ ಹಾಗೇ ಪರೀಕ್ಷೆ ಉಂಟು. ಅರ್ಜಿ ಹಾಕೋದೆಲ್ಲ ಶಾಲೆ ತೆರೆಯೋಕೆ ತಿಂಗಳುಗಟ್ಟಲೆ ಮುಂಚೆ. ನಮ್ಮೂರಲ್ಲಿ ಜೂನ್‌ನಲ್ಲಿ ಟಿ.ಸಿ. ಹಿಡಿದುಕೊಂಡು "ನಮ್ಮ ಹುಡುಗೀನ ಮೊರಾರ್ಜಿಗೆ ಸೇರಿಸಬೇಕು" ಅಂತ ಹೊರಡೋರು ಪ್ರತಿ ವರ್ಷ ಒಬ್ಬಿಬ್ಬರು ಇದ್ದೇ ಇರ್ತಾರೆ. ಮೊಮ್ಮಗಳು 2025ರಲ್ಲಿ ಪರೀಕ್ಷೆ ಬರೆದಳು. ಸೀಟು ಸಿಗಲಿಲ್ಲ, ಊರ ಶಾಲೆಯಲ್ಲೇ ಆರನೇದಕ್ಕೆ ಸೇರಿದಳು. ಗೊತ್ತಿಲ್ಲದೆ ತಪ್ಪಿಹೋದದ್ದಲ್ಲವಲ್ಲ, ಬರೆದು ಸಿಗಲಿಲ್ಲ. ಅದಕ್ಕೆ ಅವಳಿಗೇನೂ ಬೇಜಾರಿಲ್ಲ.

ಬಸ್ಸಿನದ್ದೂ ಹೇಳಬೇಕು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಹೈಸ್ಕೂಲು ದೂರ ಇರೋ ಊರಿಗೆ ಇದು ದೊಡ್ಡ ಅನುಕೂಲ, ನನ್ನ ಮಗಳ ಕಾಲಕ್ಕೆ ಇದ್ದಿದ್ದರೆ ಅನ್ನಿಸುತ್ತೆ. ಆದರೆ ಬಸ್ಸು ಊರಿಗೆ ಬಂದರೆ ತಾನೇ? ನಮ್ಮೂರ ಬಸ್ಸು ಬೆಳಗ್ಗೆ ಹತ್ತೂವರೆಗೆ ಬರ್ತಿತ್ತು, ಅಷ್ಟೊತ್ತಿಗೆ ಹೈಸ್ಕೂಲಿನಲ್ಲಿ ಮೊದಲನೇ ಪಾಠ ಮುಗಿದಿರುತ್ತೆ. ಡಿಪೋಗೆ ಅರ್ಜಿ ಕೊಟ್ಟರೆ ಸಮಯ ಬದಲಾಗೋಕೆ ಎರಡು ತಿಂಗಳು ಹಿಡಿಯಿತು. ಅದಕ್ಕೇ ಏಪ್ರಿಲ್‌ನಲ್ಲೇ, ಊರಿನಿಂದ ಎಷ್ಟು ಮಕ್ಕಳು ಎಂಟನೇ ಕ್ಲಾಸಿಗೆ ಹೋಗ್ತಾರೆ ಅಂತ ಪಟ್ಟಿ ಮಾಡಿ ಕೊಡಬೇಕು. ಒಬ್ಬೊಬ್ಬರೇ ಹೋದರೆ ಯಾರೂ ಕೇಳುವುದಿಲ್ಲ.

ಮತ್ತೆ ಸುಲಿಯೋ ಕೆಲಸಕ್ಕೆ ಬರ್ತೀನಿ, ಅದು ಬಗೆಹರಿಯದೆ ಉಳಿದದ್ದೆಲ್ಲ ಅರ್ಧ. ಮಗಳ ಊರಲ್ಲಿ ಐದು ಮನೆಯವರು ಮುಯ್ಯಾಳು ಮಾಡಿಕೊಂಡಿದ್ದಾರೆ. ರಾತ್ರಿ ಊಟ ಆದಮೇಲೆ ದಿನಕ್ಕೊಂದು ಮನೆಯ ಜಗಲಿಯಲ್ಲಿ ಹತ್ತು ಹನ್ನೆರಡು ಜನ ಕೂತು ಸುಲಿಯೋದು. ಗಂಡಸರೂ ಕೂರಬೇಕು ಅಂತ ಹೆಂಗಸರು ಕಟ್ಟುನಿಟ್ಟು ಮಾಡಿದ್ದಾರೆ, ಅಳಿಯಂದಿರು ಮೊದಮೊದಲು ಗೊಣಗುತ್ತಿದ್ದರು. ಮಕ್ಕಳು ಶಾಲೆಯಿಂದ ಬಂದಮೇಲೆ ಒಂದು ಗಂಟೆ ಕೂರಬಹುದು, ಆಮೇಲೆ ಎಬ್ಬಿಸ್ತಾರೆ. ಮಕ್ಕಳಿಗೆ ಹೊಲದ ಕೆಲಸವೇ ಬೇಡ ಅಂತ ನಾನು ಹೇಳುವವನಲ್ಲ. ಕಾಳು ಬಿಡೋಕೆ, ದನ ಹಿಡಿಯೋಕೆ ಬರದ ರೈತನ ಮಗ ಎಂಥವನು? ಭಾನುವಾರ ಇದೆ, ಸಂಜೆ ಇದೆ, ದಸರಾ ರಜ ಸರಿಯಾಗಿ ಕಾಯಿ ಕೀಳೋ ಹೊತ್ತಿಗೇ ಬರುತ್ತೆ. ಜೂನ್‌ನ ಹಗಲು ಮಾತ್ರ ಶಾಲೆಗೆ ಬಿಡಬೇಕು.

ನಮ್ಮೂರಲ್ಲಿ ಮುಯ್ಯಾಳಿಗೆ ಇನ್ನೂ ಎರಡೇ ಮನೆ ಒಪ್ಪಿವೆ. ಕೈಯಲ್ಲಿ ಆಡಿಸೋ ಸಣ್ಣ ಸುಲಿಯೋ ಯಂತ್ರ ಒಂದನ್ನು ಸಂಘದಿಂದ ಕೊಂಡು ಬಾಡಿಗೆಗೆ ಕೊಡೋಣ ಅಂತ ಮಾತು ನಡೆದಿದೆ. ಗಿರಣಿಯಷ್ಟು ಬೀಜ ಒಡೆಯಲ್ಲ ಅಂತ ಮಾರೋರು ಹೇಳ್ತಾರೆ, ಮಾರೋರು ಹಾಗೇ ಹೇಳಬೇಕಲ್ಲ. ಓದುಗ ಮಿತ್ರರಲ್ಲಿ ಯಾರಾದರೂ ಅದರಲ್ಲಿ ಸುಲಿದ ಬೀಜವನ್ನೇ ಬಿತ್ತಿ ನೋಡಿದ್ದರೆ, ನೂರಕ್ಕೆ ಎಷ್ಟು ಮೊಳೆಯಿತು, ಜರಡಿ ಯಾವ ಅಳತೆಯದ್ದು ಹಾಕಿದಿರಿ ಅಂತ ಪತ್ರಿಕೆಗೆ ಬರೆಯಿರಿ. ರೋಹಿಣಿ ಮಳೆಗೆ ಮುಂಚೆ ಗೊತ್ತಾದರೆ ಒಳ್ಳೆಯದು.